ಹೊಲಗೇರಿಗೆ ಬಂದ ಹೊಲಿಗೆ ಯಂತ್ರ

ಹೊಲಗೇರಿಗೆ ಹೊಲಿಗೆ ಯಂತ್ರ ಬಂದಿದೆ. ತಾಲ್ಲೂಕು ಕಚೇರಿಯ ಮುಂದೆ ಶಾಮಿಯಾನ ಹಾಕಿ, ಸಾಲಾಗಿ ಇಟ್ಟ ಕರೀ ಯಂತ್ರಗಳಿಗೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಮಾನ್ಯರು ಬಂದು ಹಂಚಿ ಹೋದರು. ಒಂದೊಂದು ಯಂತ್ರದ ಹಿಂದೆ ಒಬ್ಬೊಬ್ಬ ಹೆಣ್ಣುಮಗಳು ಸೆರಗು ಹೊದ್ದು ನಿಂತಿದ್ದಳು. ಫೋಟೋ ತೆಗೆದರು. ಮೈಕಿನಲ್ಲಿ 'ಸ್ವಾವಲಂಬನೆ' ಅಂದರು, 'ಸಬಲೀಕರಣ' ಅಂದರು, 'ನಮ್ಮ ತಾಯಂದಿರು' ಅಂದರು. ತಾಯಂದಿರ ಹೆಸರನ್ನು ಮಾತ್ರ ಯಾರೂ ಕೂಗಲಿಲ್ಲ. ಫಲಾನುಭವಿ ನಂಬರ್ ಕೂಗಿದರು. ಯಂತ್ರ ಟೆಂಪೋ ಹತ್ತಿತು. ಟೆಂಪೋ ಬಾಡಿಗೆಯನ್ನು ಆಕೆಯೇ ಕೊಟ್ಟಳು.

ಆರು ತಿಂಗಳು ಬಿಟ್ಟು ಕೇರಿಗೆ ಬಂದು ನೋಡಿ. ಒಂದು ಮನೆಯಲ್ಲಿ ಆ ಯಂತ್ರದ ಮೇಲೆ ಟೀವಿ ಕೂತಿದೆ. ಇನ್ನೊಂದು ಮನೆಯಲ್ಲಿ ಅದರ ಹಲಗೆ ಮೇಲೆ ಮಕ್ಕಳು ಪುಸ್ತಕ ಇಟ್ಟು ಬರೀತಾವೆ. ಅದಾದರೂ ಒಳ್ಳೆಯ ಕೆಲಸವೇ. ಮೂರನೇ ಮನೆಯಲ್ಲಿ ಯಂತ್ರವೇ ಇಲ್ಲ, ಆಸ್ಪತ್ರೆ ಖರ್ಚಿಗೆ ಅರ್ಧ ಬೆಲೆಗೆ ಹೋಯಿತು. ಒಂದೇ ಒಂದು ಮನೆಯಲ್ಲಿ ಅದು ಓಡುತ್ತಿದೆ, ಹರಿದ ಲಂಗಕ್ಕೆ ತೇಪೆ ಹಾಕುತ್ತಿದೆ. ಇದನ್ನು ನೋಡಿದ ಅಧಿಕಾರಿಗಳು ತಲೆ ಅಲ್ಲಾಡಿಸ್ತಾರೆ. "ಕೊಟ್ಟರೂ ಉಳಿಸಿಕೊಳ್ಳೋ ಯೋಗ್ಯತೆ ಇಲ್ಲ ಇವರಿಗೆ" ಅಂತಾರೆ.

ಈ ಮಾತಿಗೆ ಉತ್ತರ ಕೊಡಬೇಕಾಗಿದೆ. ಹಾಗೆಯೇ ನಮ್ಮನ್ನು ನಾವೂ ಒಂದೆರಡು ಪ್ರಶ್ನೆ ಕೇಳಿಕೊಳ್ಳಬೇಕಾಗಿದೆ.

ಮೊದಲೇ ಹೇಳಿಬಿಡುತ್ತೇವೆ, ನಮಗೆ ಯಂತ್ರದ ಮೇಲೆ ಸಿಟ್ಟಿಲ್ಲ. ಯಂತ್ರನಾಗರಿಕತೆಯನ್ನು ಅಷ್ಟೆಲ್ಲ ಟೀಕಿಸಿದ ಗಾಂಧಿಯವರೇ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ನಮ್ಮ ಕಾರಣ ಬೇರೆ. ಬಟ್ಟೆ ನಮಗೆ ಬರೀ ಮೈ ಮುಚ್ಚುವ ಸಾಮಾನಲ್ಲ. ಏನು ಉಡಬೇಕು, ಎಲ್ಲಿವರೆಗೆ ಉಡಬೇಕು, ಹೇಗೆ ಉಡಬಾರದು ಎಂದು ಊರು ನಮಗೆ ಕಟ್ಟಳೆ ಮಾಡಿತ್ತು. ಆದ್ದರಿಂದ ಈ ದೇಶದಲ್ಲಿ ಸೂಜಿ ಹಿಡಿಯುವುದು ಎಷ್ಟೋ ಸಲ ದಂಗೆ ಏಳುವುದಕ್ಕೆ ಸಮನಾಗಿತ್ತು.

ಎರಡು ಉದಾಹರಣೆ ಸಾಕು. ಹತ್ತೊಂಬತ್ತನೇ ಶತಮಾನದ ತಿರುವಾಂಕೂರು ಸಂಸ್ಥಾನದಲ್ಲಿ ನಾಡಾರ್ ಹೆಣ್ಣುಮಕ್ಕಳು ಮೇಲ್ಜಾತಿಯವರ ಎದುರು ಎದೆ ಮುಚ್ಚುವಂತಿರಲಿಲ್ಲ. 1820ರ ದಶಕದಲ್ಲಿ ನಾಗರಕೋಯಿಲಿನ ಲಂಡನ್ ಮಿಷನ್ನಿನಲ್ಲಿ ಮಾರ್ಥಾ ಮಾಲ್ಟ್ ಎಂಬಾಕೆ ಕೆಳಜಾತಿಯ ಹುಡುಗಿಯರಿಗೆ ಓದಿನ ಜೊತೆ ಹೊಲಿಗೆ, ಲೇಸ್ ಹೆಣಿಗೆ ಕಲಿಸಿದರು. ಸೂಜಿ ಕಲಿತ ಕೈ ಕುಪ್ಪಸ ಹೊಲಿಯಿತು. ಕುಪ್ಪಸ ತೊಟ್ಟು ಸಂತೆಗೆ ಹೋದವರ ಕುಪ್ಪಸವನ್ನು ಹರಿದು ಹಾಕಿದರು, ಗಲಭೆ ಎಬ್ಬಿಸಿದರು. ದಶಕಗಳ ಹೊಡೆದಾಟದ ನಂತರ 1859ರಲ್ಲಿ ರಾಜರ ಆಜ್ಞೆ ಬಂತು. ಮೈ ಮುಚ್ಚಿಕೊಳ್ಳಬಹುದು, ಆದರೆ ಮೇಲ್ಜಾತಿ ಹೆಂಗಸರು ಹೊದೆಯುವ ರೀತಿಯಲ್ಲಿ ಹೊದೆಯಬಾರದು! ಗಮನಿಸಿ ಗೆಳೆಯರೇ. ಬಟ್ಟೆಗೆ ಅನುಮತಿ ಸಿಕ್ಕಿತು, ಫ್ಯಾಶನ್ನಿಗೆ ಸಿಗಲಿಲ್ಲ. ಫ್ಯಾಶನ್ ಅಂದರೆ ಹಗುರ ಮಾತು ಎಂದು ನಗುವವರು ಈ ಆಜ್ಞೆಯನ್ನು ಒಮ್ಮೆ ನೆನೆಯಲಿ.

ಇನ್ನೊಂದು, ಮಹಾಡ್. 1927ರ ಡಿಸೆಂಬರಿನಲ್ಲಿ ಬಾಬಾಸಾಹೇಬರು ಮನುಸ್ಮೃತಿಗೆ ಬೆಂಕಿ ಇಟ್ಟಿದ್ದು ನಮಗೆಲ್ಲ ಗೊತ್ತು. ಅದೇ ಸಮ್ಮೇಳನದಲ್ಲಿ ಅವರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಆಡಿದ ಮಾತು ಎಷ್ಟು ಜನಕ್ಕೆ ಗೊತ್ತು? ಅಸ್ಪೃಶ್ಯರೆಂದು ದೂರದಿಂದಲೇ ಗುರುತು ಹೇಳುವ ಆ ಉಡುಗೆಯನ್ನು, ಆ ಭಾರದ ಒಡವೆಗಳನ್ನು ಬಿಡಿ, ಮಿಕ್ಕವರು ಉಡುವಂತೆ ಸೀರೆ ಉಡಿ ಎಂದರು. ಅಲ್ಲೇ ಇದ್ದ, ಚಳವಳಿಯ ಜೊತೆ ನಿಂತಿದ್ದ ಕೆಲವು ಮೇಲ್ಜಾತಿ ಹೆಣ್ಣುಮಕ್ಕಳು ನಮ್ಮ ತಾಯಂದಿರನ್ನು ಮುಟ್ಟಿ, ಸೀರೆ ಉಡಿಸಿ ತೋರಿಸಿಕೊಟ್ಟರು. ಹೆಣ್ಣುಮಕ್ಕಳು ಮೊಣಕಾಲ ಮೇಲಿನ ಸೀರೆಯನ್ನು ಹಿಮ್ಮಡಿವರೆಗೆ ಇಳಿಸಿಕೊಂಡು ಮನೆಗೆ ಹೋದರು. ಮನುಸ್ಮೃತಿ ಸುಟ್ಟದ್ದು ಎಷ್ಟು ದೊಡ್ಡದೋ ಸೀರೆ ಇಳಿಸಿದ್ದೂ ಅಷ್ಟೇ ದೊಡ್ಡದು.

ಇಷ್ಟು ಇತಿಹಾಸ ಇರುವ ಸೂಜಿ ಇಂದು ಶಾಮಿಯಾನದ ಕೆಳಗೆ ಭಿಕ್ಷೆಯ ರೂಪದಲ್ಲಿ ಯಾಕೆ ಬರುತ್ತಿದೆ? ಬಂದದ್ದು ಯಾಕೆ ಓಡುತ್ತಿಲ್ಲ?

ನಮ್ಮವರಿಗೆ ಕೌಶಲ್ಯ ಇಲ್ಲ ಅಂತಾರೆ. ಈ ಸುಳ್ಳನ್ನು ಮೊದಲು ಹರಿಯೋಣ. ಚರ್ಮ ಹೊಲಿದ ಕೈ ನಮ್ಮದು. ಹಳೇ ಸೀರೆ ತುಂಡುಗಳನ್ನು ಕೂಡಿಸಿ ಕೌದಿ ಮಾಡಿದ ಕೈ ನಮ್ಮವ್ವಂದಿರದು. ಕನ್ನಡಿ ಚೂರು, ಕವಡೆ, ಬಣ್ಣದ ದಾರ ಸೇರಿಸಿ ಲಂಬಾಣಿ ತಾಂಡದ ಅಜ್ಜಿಯೊಬ್ಬಳು ಕಾಗದದ ಮೇಲೆ ಗೆರೆ ಎಳೆಯದೆ ಹಾಕುವ ಕಸೂತಿಗೆ ಯಾವ ಸಂಸ್ಥೆ ಸರ್ಟಿಫಿಕೇಟ್ ಕೊಟ್ಟಿತ್ತು? ಹನ್ನೆರಡನೇ ಶತಮಾನದಲ್ಲಿ ಕದಿರ ರೆಮ್ಮವ್ವೆ ನೂಲು ತೆಗೆಯುತ್ತಲೇ ವಚನ ಕಟ್ಟಿದಳು. ಸೂಜಿಕಾಯಕದ ರಾಮಿತಂದೆ ಸೂಜಿಯನ್ನೇ ಹೆಸರಿನಲ್ಲಿ ಹೊತ್ತು ಅನುಭವ ಹೇಳಿದ. ಕೌಶಲ್ಯ ಇತ್ತು, ಈಗಲೂ ಇದೆ. ಇಲ್ಲದ್ದು ಬೇರೆ. ಅದರ ಹೆಸರು ಕತ್ತರಿ.

ಹೊಲಿಗೆ ಅಂಗಡಿಯ ಒಳಗೆ ಇಣುಕಿ ನೋಡಿದವರಿಗೆ ಇದು ಅರ್ಥ ಆಗುತ್ತದೆ. ಮುಂದುಗಡೆ ಎತ್ತರದ ಟೇಬಲ್ಲಿನ ಹಿಂದೆ ಕೊರಳಿಗೆ ಟೇಪು ಹಾಕಿಕೊಂಡು ನಿಂತವನು ಮಾಸ್ಟರ್. ಅಳತೆ ತೆಗೆಯುವವನು ಅವನು, ಗಿರಾಕಿ ಹತ್ತಿರ ಮಾತಾಡುವವನು ಅವನು, ರೇಟು ಹೇಳುವವನು ಅವನು, ಬಟ್ಟೆಗೆ ಕತ್ತರಿ ಹಾಕುವವನೂ ಅವನೇ. ಹಿಂದುಗಡೆ ಕತ್ತಲಲ್ಲಿ ಕೂತು ಕತ್ತರಿಸಿದ ತುಂಡುಗಳನ್ನು ಕೂಡಿಸುವವರಿಗೆ ಪೀಸಿಗಿಷ್ಟು ಅಂತ ಕೂಲಿ. ಕತ್ತರಿ ಹಿಡಿದವನು ಧಣಿ, ಪೆಡಲ್ ತುಳಿದವಳು ಆಳು. ಸರ್ಕಾರದ ತರಬೇತಿಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಕಲಿಸೋದು ಏನು? ನೇರ ಹೊಲಿಗೆ, ಲಂಗ, ದಿಂಬಿನ ಕವರ್, ಹೆಚ್ಚೆಂದರೆ ಒಂದು ಸಾದಾ ರವಿಕೆ. ಕಂಕುಳ ಸುಕ್ಕು ಬೀಳದಂತೆ ಕತ್ತರಿಸೋದು, ಒಂದು ಮೈಯ ಅಳತೆ ಇನ್ನೊಂದು ಮೈಗೆ ಯಾಕೆ ಕೂಡೋಲ್ಲ ಅನ್ನೋದು, ಲೈನಿಂಗ್ ರವಿಕೆ, ಮದುವೆ ರವಿಕೆಗೆ ಆರಿ ಕೆಲಸ, ಇವೆಲ್ಲ ಬರುವ ಹೊತ್ತಿಗೆ ತರಬೇತಿ ಮುಗಿದು ಸರ್ಟಿಫಿಕೇಟ್ ಬಂದಿರುತ್ತದೆ. ತುಳಿಯೋದು ಕಲಿಸಿದರು, ಕತ್ತರಿಸೋದು ಕಲಿಸಲಿಲ್ಲ.

2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿ.ಎಂ. ವಿಶ್ವಕರ್ಮ ಯೋಜನೆ ಆರಂಭಿಸಿತು. ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಮೂಲ ತರಬೇತಿ 5ರಿಂದ 7 ದಿನ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಆಮೇಲೆ ಸಾಲ. ಹಣ ಬರಲಿ, ಬೇಡ ಅನ್ನುವಷ್ಟು ಸಿರಿವಂತರು ನಾವಲ್ಲ. ಆದರೆ ಆ ಯೋಜನೆಯ ಘೋಷಣೆಯ ಮಾತು ಓದಿ. ಗುರು-ಶಿಷ್ಯ ಪರಂಪರೆಯನ್ನು ಬಲಪಡಿಸುತ್ತೇವೆ, ಕುಟುಂಬದಿಂದ ಕುಟುಂಬಕ್ಕೆ ಬಂದ ಕಸುಬನ್ನು ಪೋಷಿಸುತ್ತೇವೆ ಎಂದು ಬರೆದಿದ್ದಾರೆ. ಕುಟುಂಬದಿಂದ ಬಂದ ಕಸುಬು ಅಂದರೆ ಏನು ಸ್ವಾಮಿ? ನಮ್ಮ ಭಾಷೆಯಲ್ಲಿ ಅದಕ್ಕೆ ಕುಲಕಸುಬು ಅಂತಾರೆ. ಯಾವ ಕುಲಕಸುಬಿನಿಂದ ತಪ್ಪಿಸಿಕೊಳ್ಳಲು ನಾವು ಊರು ಬಿಟ್ಟೆವೋ, ಅಕ್ಷರ ಹಿಡಿದೆವೋ, ಅದಕ್ಕೇ ಹೊಸ ಅಂಗಿ ತೊಡಿಸಿ ವಾಪಸ್ಸು ಕಳಿಸುತ್ತಿದ್ದಾರೆ. ಚಪ್ಪಲಿ ಹೊಲಿಯುವವನ ಮಗ ಚಪ್ಪಲಿಯನ್ನೇ ಚೆನ್ನಾಗಿ ಹೊಲಿಯಲಿ ಎಂಬ ಹಾರೈಕೆ ಇದರೊಳಗಿದೆ. ಗುರು-ಶಿಷ್ಯ ಪರಂಪರೆಯ ಮಾತು ಕೇಳಿದರೆ ನಮ್ಮ ಬಲಗೈ ಹೆಬ್ಬೆರಳು ತಾನಾಗಿ ಮುಷ್ಟಿಯೊಳಗೆ ಹೋಗುತ್ತದೆ. ಏಕಲವ್ಯನ ಕಥೆ ನಮಗೆ ಪುರಾಣವಲ್ಲ.

ಇರಲಿ. ಹಠ ಹಿಡಿದು ಒಬ್ಬಳು ಕತ್ತರಿಯನ್ನೂ ಕಲಿತಳು ಅಂತಿಟ್ಟುಕೊಳ್ಳಿ. ಅಂಥವರು ನಮ್ಮ ನಡುವೆ ಇದ್ದಾರೆ. ಊರಲ್ಲಿ ಅವಳ ಗಿರಾಕಿ ಯಾರು? ಇಲ್ಲಿ ನಿಜವಾದ ವಿಷಯ ಬರುತ್ತದೆ. ಹೊಲಿಗೆ ಅಂದರೆ ಮೊದಲು ಮುಟ್ಟುವ ಕೆಲಸ. ಟೇಪು ಎದೆ ಸುತ್ತಬೇಕು, ಸೊಂಟ ಸುತ್ತಬೇಕು, ತೋಳು ಸುತ್ತಬೇಕು. ನಮ್ಮ ಅಜ್ಜಂದಿರಿಗೆ ಊರ ದರ್ಜಿ ದೂರ ನಿಂತು ಕಣ್ಣಳತೆಯಲ್ಲೇ ಅಂಗಿ ಹೊಲಿದ. ಅದು ಎಂದೂ ಅವರ ಮೈಗೆ ಸರಿಯಾಗಿ ಕೂರಲಿಲ್ಲ. ಈಗ ಟೇಪು ನಮ್ಮ ಹುಡುಗಿಯ ಕೈಯಲ್ಲಿದೆ, ಊರ ಗೌಡತಿ ಅಳತೆ ಕೊಡಬೇಕು. ಕೊಡುತ್ತಾಳೆಯೆ? ಜಗಲಿ ಮೇಲಿಂದ ಒಂದು ಹಳೇ ರವಿಕೆ ಬರುತ್ತದೆ. "ಅಳತೆ ರವಿಕೆ ಮಡಗಿವ್ನಿ ಕಣವ್ವ, ತಕ್ಕೊಂಡೋಗಿ ಇದೇ ತರ ಹೊಲ್ಕೊಂಡ್ ಬಾ" ಅಂತ. ಬಾಯಲ್ಲಿ 'ಅವ್ವ' ಇದೆ, ಮೈಗೆ ಕೈ ತಾಕೋ ಹಾಗಿಲ್ಲ. ಫಾಲ್ಸ್ ಹಚ್ಚೋದು, ಹರಿದದ್ದಕ್ಕೆ ಹೊಲಿಗೆ ಹಾಕೋದು, ದಿಂಬಿನ ಕವರ್ ಕೇರಿಗೆ ಬರುತ್ತವೆ. ಮದುವೆ ರವಿಕೆ ಪೇಟೆಗೆ ಹೋಗುತ್ತದೆ. ಕೈತುಂಬ ಕಾಸು ಇರೋದು ಮದುವೆ ರವಿಕೆಯಲ್ಲಿ. ಹೊಲಿದು ಕೊಟ್ಟ ಬಟ್ಟೆಯನ್ನೂ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುವ ಮನೆಗಳು ಇನ್ನೂ ಇವೆ. ಇಷ್ಟೆಲ್ಲ ಇರುವಾಗ ಯಂತ್ರದ ಮೇಲೆ ಟೀವಿ ಕೂತರೆ ಅದು ಅವಳ ಸೋಮಾರಿತನವೆ? ಯಂತ್ರ ಕೆಟ್ಟಿಲ್ಲ, ಕೆಟ್ಟಿರುವುದು ಊರು. ಊರನ್ನು ರಿಪೇರಿ ಮಾಡದೆ ಯಂತ್ರ ಹಂಚಿದರೆ ಏನಾಗುತ್ತದೆಯೋ ಅದೇ ಆಗಿದೆ.

ಊರು ಗಿರಾಕಿ ಕೊಡಲಿಲ್ಲ ಅಂದಮೇಲೆ ಹುಡುಗಿ ಏನು ಮಾಡಬೇಕು? ಬೆಳಿಗ್ಗೆ ನಸುಕಿನಲ್ಲಿ ಬಸ್ಸು ಹತ್ತಬೇಕು. ಮಂಡ್ಯ, ರಾಮನಗರ, ತುಮಕೂರು, ಕೋಲಾರದ ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ತುಂಬಿಕೊಂಡು ಗಾರ್ಮೆಂಟ್ಸಿಗೆ ಹೋಗುವ ಗಾಡಿಗಳನ್ನು ನೋಡಿದ್ದೀರಿ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ಹೆಣ್ಣುಮಕ್ಕಳು ದುಡಿಯುತ್ತಾರೆ. ಅಲ್ಲಿ ಹುಟ್ಟಿದ ಜಾತಿ ಕೇಳೋಲ್ಲ, ಟಾರ್ಗೆಟ್ ಕೇಳ್ತಾರೆ. ಒಂದು ಅಂಗಿಯನ್ನು ಹತ್ತಾರು ತುಂಡು ಮಾಡಿ ಹಂಚುತ್ತಾರೆ. ಒಬ್ಬಳಿಗೆ ಬರೀ ಕಾಲರ್, ಒಬ್ಬಳಿಗೆ ಬರೀ ಕಫ್, ಒಬ್ಬಳಿಗೆ ಬರೀ ಜೇಬು. ಗಂಟೆಗಿಷ್ಟು ಪೀಸ್ ಬೀಳಬೇಕು. ಬೀಳದಿದ್ದರೆ ಸೂಪರ್‌ವೈಸರನ ಬಾಯಿಂದ ಬೀಳುವ ಮಾತನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ. ಹತ್ತು ವರ್ಷ ಕಾಲರ್ ಹೊಲಿದವಳಿಗೆ ಕೊನೆಗೂ ಒಂದು ಇಡೀ ಅಂಗಿ ಹೊಲಿಯೋಕೆ ಬರೋಲ್ಲ. ಕಟಿಂಗ್ ವಿಭಾಗದಲ್ಲಿ ಇಲ್ಲಿಯೂ ಹೆಚ್ಚಿನವರು ಗಂಡಸರು. ಕತ್ತರಿ ಇಲ್ಲಿಯೂ ನಮ್ಮ ಕೈಗೆ ಬರಲಿಲ್ಲ.

ಆದರೂ ಆ ಕಾರ್ಖಾನೆಯ ಹೆಣ್ಣುಮಕ್ಕಳು ಈ ನಾಡಿಗೆ ಒಂದು ಪಾಠ ಕಲಿಸಿದ್ದಾರೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮ ಬದಲಾಯಿಸಿತು. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದಿತು. ಮಗಳ ಮದುವೆಗೆ, ಗಂಡನ ಆಪರೇಷನ್ನಿಗೆ, ಬಡ್ಡಿ ಸಾಲ ತೀರಿಸಲಿಕ್ಕೆ ಇದ್ದ ಒಂದೇ ಗಂಟು ಅದು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಅವರು ಇಳಿದರು. ಯಾವ ನಾಯಕನೂ ಕರೆ ಕೊಟ್ಟಿರಲಿಲ್ಲ. ಬ್ಯಾನರ್ ಇರಲಿಲ್ಲ. ಲಾಠಿ ಬಿತ್ತು, ಅಶ್ರುವಾಯು ಬಂತು, ಹಿಂಸೆಯೂ ಆಯಿತು. 19ರಂದೇ ದೆಹಲಿ ಆ ನಿಯಮವನ್ನು ವಾಪಸ್ಸು ತೆಗೆದುಕೊಂಡಿತು. ದೊಡ್ಡ ದೊಡ್ಡ ಸಂಘಗಳಿಗೆ ಆಗದ್ದನ್ನು ಕಾಲರ್ ಹೊಲಿಯುವವರು ಎರಡು ದಿನದಲ್ಲಿ ಮಾಡಿದರು. ಇವರಿಗೆ 'ಸಬಲೀಕರಣ' ಕಲಿಸುತ್ತೇವೆ ಅಂತ ಹೊರಟವರು ಮೊದಲು ಇವರ ಮುಂದೆ ಕೂತು ಕಲಿಯಲಿ.

ಬಂಡವಾಳಶಾಹಿ ಅಷ್ಟಕ್ಕೆ ಬಿಡಲಿಲ್ಲ. 2020ರಲ್ಲಿ ಕೊರೋನಾ ನೆಪ ಸಿಕ್ಕಿತು. ಏಪ್ರಿಲ್ ಒಂದರಿಂದ ಸೇರಬೇಕಿದ್ದ ತಿಂಗಳಿಗೆ 417 ರೂಪಾಯಿಯ ತುಟ್ಟಿಭತ್ಯೆಯನ್ನು ರಾಜ್ಯ ಸರ್ಕಾರ ಮುಂದೂಡಿತು. ಸೆಪ್ಟೆಂಬರಿನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟ ಮೇಲೂ ಎಷ್ಟೋ ಕಾರ್ಖಾನೆಗಳು ಕೊಡಲಿಲ್ಲ. ವಿದೇಶದ ಬ್ರಾಂಡುಗಳ ಮೇಲೆ ಒತ್ತಡ ಬಿದ್ದ ಮೇಲೆ 2022ರಲ್ಲಿ ಬಾಕಿ ಬಿಚ್ಚತೊಡಗಿದವು. ಅದೇ 2020ರ ಜೂನಿನಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಯೊಂದು ಸಾವಿರದ ಇನ್ನೂರಕ್ಕೂ ಹೆಚ್ಚು ಕೆಲಸಗಾರರನ್ನು ಹೊರಗಿಟ್ಟಿತು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ವಾರಗಟ್ಟಲೆ ಅವರು ಗೇಟಿನ ಮುಂದೆ ಕೂತರು. ಅವರಲ್ಲಿ ಯಾರಿಗೂ ಕೌಶಲ್ಯದ ಕೊರತೆ ಇರಲಿಲ್ಲ. ಇದ್ದ ಕೌಶಲ್ಯ ಅವರ ಕೆಲಸವನ್ನು ಉಳಿಸಲಿಲ್ಲ.

ಈಗ ಉತ್ತರ ಕರ್ನಾಟಕದ ಕಡೆ ತಿರುಗೋಣ. ಹೊಲಿಗೆ ಯಂತ್ರವನ್ನೇ ಮದ್ದು ಎಂದು ಹೆಚ್ಚು ಕೊಟ್ಟಿರುವುದು ಅಲ್ಲಿನ ದೇವದಾಸಿ ತಾಯಂದಿರಿಗೆ. 1982ರಲ್ಲಿ ರಾಜ್ಯ ಕಾಯ್ದೆ ಮಾಡಿ ಮುತ್ತು ಕಟ್ಟುವುದನ್ನು ನಿಷೇಧಿಸಿತು. 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ಸಿಕ್ಕ ಹೆಣ್ಣುಮಕ್ಕಳು ಒಟ್ಟು 46,660. ಬಹುಪಾಲು ನಮ್ಮವರೇ, ಹೊಲಗೇರಿ ಮಾದಿಗರ ಕೇರಿಯವರೇ. ದೇವರ ಹೆಸರಲ್ಲಿ ಮೈಯನ್ನು ಊರಿಗೆ ಬಿಟ್ಟುಕೊಟ್ಟ ವ್ಯವಸ್ಥೆ, ಆ ಮೈ ಸವೆದ ಮೇಲೆ ಒಂದು ಯಂತ್ರ ಕೊಟ್ಟು "ಇನ್ನು ಮರ್ಯಾದೆಯಿಂದ ಬದುಕು" ಅನ್ನುತ್ತದೆ. ಮರ್ಯಾದೆ ಕಳೆದುಕೊಂಡವರು ಯಾರು? ಮುತ್ತು ಕಟ್ಟಿದವರು, ಅವಳ ಬಾಗಿಲಿಗೆ ಬಂದವರು. ಅವರಿಗೆ ಯಾವ ತರಬೇತಿ ಕೇಂದ್ರ ಇದೆ? ಆ ತಾಯಿಗೆ ಬೇಕಾದ್ದು ಮೊದಲು ತುಂಡು ಹೊಲ, ಅವಳ ಹೆಸರಿನ ಪಟ್ಟಾ, ಮಕ್ಕಳ ಓದು. ಹೊಲ ಕೇಳಿದವಳಿಗೆ ಹೊಲಿಗೆ ಕೊಟ್ಟು ಬಾಯಿ ಮುಚ್ಚಿಸುವುದು ಹುನ್ನಾರ.

ತಾಂಡಗಳ ಕಥೆ ಇನ್ನೊಂದು ಬಗೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಹಾಕಿದ 1755 ಕಸೂತಿ ತುಂಡುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಬರೆದರು. ನಮಗೂ ಹೆಮ್ಮೆಯೇ. ಆದರೆ ಸುಗ್ಗಿ ಮುಗಿದ ಮೇಲೆ ತಾಂಡಕ್ಕೆ ತಾಂಡವೇ ಕಬ್ಬು ಕಡಿಯಲು ಗುಳೆ ಹೋಗುತ್ತದೆ. ಕನ್ನಡಿ ಕಸೂತಿ ಹಾಕಿದ ಕೈಯಲ್ಲಿ ಕತ್ತಿ ಇರುತ್ತದೆ. ಅದೇ ಕಸೂತಿ ಪಟ್ಟಣದ ಗಾಜಿನ ಅಂಗಡಿಯಲ್ಲಿ ಡಿಸೈನರನ ಹೆಸರು ಹೊತ್ತು ನೇತಾಡುತ್ತದೆ. ಹಾಕಿದವಳ ಹೆಸರು ಒಳಮೈಯಲ್ಲೂ ಇಲ್ಲ.

ಈಚೆಗೆ 'ಮೆಂಟರ್' ಎಂಬ ಹೊಸ ಮಾತು ಬಂದಿದೆ. ದುರ್ಬಲ ಹೆಣ್ಣುಮಕ್ಕಳ ಕೈಹಿಡಿದು ನಡೆಸುವವರಂತೆ. ನಮಗೆ ಕೈಹಿಡಿಯುವವರು ಬೇಡವೆ? ಬೇಕು. 1848ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಶಾಲೆ ತೆರೆದಾಗ ಅವರ ಮೈಮೇಲೆ ಸಗಣಿ ಬಿತ್ತು. ಜೊತೆಗೆ ನಿಂತವರು ಫಾತಿಮಾ ಶೇಖ್. ಕಲಿಸುವುದಕ್ಕಾಗಿ ಸಗಣಿ ಎರಚಿಸಿಕೊಂಡವರು ನಮ್ಮ ಮೆಂಟರ್. ಮಹಾಡಿನಲ್ಲಿ ಮುಟ್ಟಿ ಸೀರೆ ಉಡಿಸಿದವರು ನಮ್ಮ ಮೆಂಟರ್. ಎರಡು ದಿನ ಬಂದು, ಬಾಟಲಿ ನೀರು ಕುಡಿದು, ನಮ್ಮ ಬಡತನದ ಜೊತೆ ಫೋಟೋ ಹಿಡಿದು, ನಮ್ಮ ಮನೆಯ ನೀರು ಮುಟ್ಟದೆ ಹೋಗುವವರಿಗೆ ಬೇರೆ ಹೆಸರು ಹುಡುಕಿಕೊಳ್ಳಲಿ.

ಇಷ್ಟು ಹೇಳಿದ ಮೇಲೆ ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. ನಮ್ಮ ಸಂಘಟನೆಯ ನೀಲಿ ಬಾವುಟಗಳನ್ನು ಹೊಲಿದವರು ಯಾರು? ನಮ್ಮ ಅಕ್ಕತಂಗಿಯರು. ವೇದಿಕೆ ಮೇಲೆ ಕೂತವರು ಯಾರು? ನಾವು, ಗಂಡಸರು. ರಾತ್ರಿಯಿಡೀ ಹೊಲಿದು ಅವಳು ತಂದ ಕಾಸನ್ನು ಬೆಳಿಗ್ಗೆ ಕಿತ್ತುಕೊಂಡು ಸಾರಾಯಿ ಅಂಗಡಿಗೆ ನಡೆದವರು, ಈಗ ವೈನ್ ಸ್ಟೋರಿಗೆ ನಡೆಯುವವರು ನಮ್ಮಲ್ಲಿಲ್ಲವೆ? "ಊರೋರ ಮನೆ ಹೆಂಗಸರ ಅಳತೆ ತೆಗೆಯೋಕೆ ಹೋಗಿ ಜಗಳ ತರಬ್ಯಾಡ ಸುಮ್ಕಿರು" ಅಂತ ನಾವೇ ಅವಳನ್ನು ತಡೆದಿಲ್ಲವೆ? ಕತ್ತರಿ ಬಚ್ಚಿಟ್ಟವರಲ್ಲಿ ನಾವೂ ಇದ್ದೇವೆ. ಇದನ್ನು ಒಪ್ಪದೆ ಮುಂದಿನ ಮಾತಾಡುವ ಹಕ್ಕು ನಮಗಿಲ್ಲ.

ಹಾಗಾದರೆ ಏನು ಮಾಡಬೇಕು?

ನಮ್ಮ ಮೊದಲ ಬೇಡಿಕೆ ಕತ್ತರಿ. ಹೊಲಿಗೆ ತರಬೇತಿ ಒಂದು ವರ್ಷಕ್ಕೆ ಕಡಿಮೆ ಇರಬಾರದು. ಅಳತೆ, ಕಟಿಂಗ್, ಲೆಕ್ಕ, ರೇಟು ಕಟ್ಟುವುದು ಎಲ್ಲ ಕಲಿಸಬೇಕು. ಕಲಿಯುವ ಅಷ್ಟೂ ದಿನ ಕೂಲಿಗೆ ಕಡಿಮೆ ಇಲ್ಲದ ಭತ್ಯೆ ಕೊಡಬೇಕು. ಕೂಲಿ ಬಿಟ್ಟು ಬಂದವಳು ಹಸಿದ ಹೊಟ್ಟೆಯಲ್ಲಿ ಕಲಿಯಲಾರಳು. ಕೇರಿಯಲ್ಲೇ ಕತ್ತರಿ ಕಲಿತ ಹೆಣ್ಣುಮಗಳನ್ನು ಸಂಬಳ ಕೊಟ್ಟು ಶಿಕ್ಷಕಿಯಾಗಿ ನೇಮಿಸಬೇಕು.

ಎರಡನೆಯದು ಗಿರಾಕಿ. ಊರು ಕೊಡದಿದ್ದರೆ ಸರ್ಕಾರ ಕೊಡಲಿ. ಸರ್ಕಾರಿ ಶಾಲೆ ಮಕ್ಕಳ ಸಮವಸ್ತ್ರ, ವಿದ್ಯಾರ್ಥಿ ನಿಲಯಗಳ ಹೊದಿಕೆ, ಆಸ್ಪತ್ರೆಯ ಹಾಸಿಗೆ ಬಟ್ಟೆ, ಪೌರಕಾರ್ಮಿಕರ ಅಂಗಿ, ಇವೆಲ್ಲ ದೊಡ್ಡ ಟೆಂಡರಿನ ದೊಡ್ಡ ಹೊಟ್ಟೆಗೆ ಹೋಗುವ ಬದಲು ನಮ್ಮ ಹೆಣ್ಣುಮಕ್ಕಳ ಸಂಘಗಳಿಗೆ ನೇರ ಬರಲಿ. ಹಣ ಇಲ್ಲ ಅನ್ನಬೇಡಿ. ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆಗೆ ಜನಸಂಖ್ಯೆಗೆ ತಕ್ಕ ಹಣ ಇಡಬೇಕೆಂದು ಕರ್ನಾಟಕ 2013ರಲ್ಲೇ ಕಾಯ್ದೆ ಮಾಡಿದೆ. ಆ ಹಣ ದಾನವಲ್ಲ, ನಮ್ಮ ಪಾಲು.

ಮೂರನೆಯದು ಸಂಘ. ಒಂಟಿ ಮನೆಯಲ್ಲಿ ಒಂಟಿ ಯಂತ್ರ ಸೋಲುತ್ತದೆ. ಹತ್ತು ಯಂತ್ರ ಒಂದು ಸೂರಿನಡಿ ಬಂದರೆ ರೇಟು ಹೇಳುವ ಧೈರ್ಯ ಬರುತ್ತದೆ. ಕಾರ್ಖಾನೆಯಲ್ಲಿರುವವರಿಗೆ ಯೂನಿಯನ್, ಕೇರಿಯಲ್ಲಿರುವವರಿಗೆ ಸಹಕಾರ ಸಂಘ. ಎರಡರಲ್ಲೂ ಅಧ್ಯಕ್ಷರ ಕುರ್ಚಿ ಹೆಣ್ಣುಮಕ್ಕಳದು.

ಹಳ್ಳಿಯ ಮೇಷ್ಟ್ರುಗಳೇ, ಮೇಡಮ್ಮುಗಳೇ, ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕು. ನಿಮ್ಮ ಶಾಲೆಯ ಸಮವಸ್ತ್ರದ ಬಟ್ಟೆಯನ್ನು ಕೇರಿಯ ಹುಡುಗಿಯ ಕೈಗೆ ಕೊಡಿ. ಅವಳನ್ನು ಶಾಲೆಗೇ ಕರೆಸಿ. ಊರ ಮಕ್ಕಳು, ಕೇರಿ ಮಕ್ಕಳು ಒಂದೇ ಸಾಲಿನಲ್ಲಿ ನಿಲ್ಲಲಿ. ಅವಳು ಒಬ್ಬೊಬ್ಬರನ್ನೇ ಮುಟ್ಟಿ ಅಳತೆ ತೆಗೆಯಲಿ. ಊರಲ್ಲಿ ಗದ್ದಲ ಆದರೆ ಅವಳ ಪಕ್ಕದಲ್ಲಿ ನೀವು ನಿಲ್ಲಿ. ನೀವೇ ಹೋಗಿ ನಿಮ್ಮ ರವಿಕೆಗೆ, ನಿಮ್ಮ ಅಂಗಿಗೆ ಅಳತೆ ಕೊಡಿ. ವಿದ್ಯಾರ್ಥಿ ಗೆಳೆಯರೇ, ನಿಮ್ಮ ತಾಲ್ಲೂಕಿನಲ್ಲಿ ಹಂಚಿದ ಯಂತ್ರಗಳ ಪಟ್ಟಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಮನೆ ಮನೆಗೆ ಹೋಗಿ ಎಷ್ಟು ಓಡುತ್ತಿವೆ, ಯಾಕೆ ನಿಂತಿವೆ ಅಂತ ಬರೆದುಕೊಳ್ಳಿ. ಆ ಲೆಕ್ಕವನ್ನು ಮುಂದಿನ ಶಾಮಿಯಾನದ ಕೆಳಗೆ ಮೈಕು ಹಿಡಿದು ಓದಿ.

ನೂರಾರು ವರ್ಷ ನಮ್ಮನ್ನು ಕಣ್ಣಳತೆಯಲ್ಲಿ ಅಳೆದಿದ್ದೀರಿ. ನೀವು ಹೊಲಿದ ಅಂಗಿ ನಮಗೆ ಎಂದೂ ಕೂರಲಿಲ್ಲ. ಇನ್ನು ಟೇಪು ಇತ್ತ ಕೊಡಿ. ಕತ್ತರಿಯನ್ನೂ ಕೊಡಿ. ಕೊಡದಿದ್ದರೆ ತಗೋತೀವಿ.